ಮಾತು ಬಿಟ್ಟವರ ಲೆಕ್ಕ

ಅಡಿವೆಪ್ಪ ಕಾಕಾನ ಜೊತೆ ನಾನು ಮಾತು ಬಿಟ್ಟದ್ದು ನಮ್ಮಿಬ್ಬರ ಸ್ವಂತ ವಿಷಯ ಎಂದೇ ಮೊದಲು ತಿಳಿದಿದ್ದೆ. ಆಮೇಲೆ ಅದು ಊರಿನ ಸೊತ್ತಾಯಿತು. ಕೆರೆ, ಗೋಮಾಳ, ಚಾವಡಿ ಇದ್ದ ಹಾಗೆ ನಮ್ಮ ಜಗಳವೂ ಒಂದು. ಅದು ಕೆಡದ ಹಾಗೆ ನೋಡಿಕೊಳ್ಳುವುದು ಎಲ್ಲರ ಹೊಣೆ. ಮದುವೆಮನೆಗಳಲ್ಲಿ ಕಾಕಾ ಉಂಡು ಎದ್ದ ಮೇಲೆಯೇ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಸಂತೆಯಲ್ಲಿ ನಾವಿಬ್ಬರೂ ಒಂದೇ ಉಳ್ಳಾಗಡ್ಡಿ ರಾಶಿಯ ಮುಂದೆ ಬಂದು ನಿಂತರೆ ಯಾರಾದರೊಬ್ಬರು ನಡುವೆ ನುಸುಳಿ, ತಮಗೆ ಬೇಕಿಲ್ಲದಿದ್ದರೂ ಉಳ್ಳಾಗಡ್ಡಿಯ ದರ ಕೇಳುತ್ತಿದ್ದರು. ಕಾಕಾನ ಹೆಂಡತಿ ತೀರಿಕೊಂಡಾಗ ಮನಸ್ಸು ತಡೆಯದೆ ನಾನು ಅವರ ಮನೆಯ ಕಡೆ ಹೊರಟಿದ್ದೆ. ಓಣಿಯ ಮೂಲೆಯಲ್ಲಿ ಒಂದಿಷ್ಟು ಹೆಂಗಸರು ಅಡ್ಡ ನಿಂತು, ಕೈ ಹಿಡಿದು, ಬಹಳ ಪ್ರೀತಿಯಿಂದಲೇ ವಾಪಸು ಕಳಿಸಿದರು. ಅವರ ತಪ್ಪಲ್ಲ. ಚಳಿಗಾಲ ಹತ್ತಿರವಿತ್ತು.

ನಮ್ಮೂರಿನಲ್ಲಿ ಬೆಂಕಿ ಹತ್ತುವುದು ಕಾಡು ಹಿಡಿದಿಟ್ಟಷ್ಟು ಮಾತ್ರ. ಗುಡ್ಡದ ಮರಗಳು ತಮ್ಮ ಮೈಯಲ್ಲಿ, ಮಣ್ಣು ತನ್ನ ಕಪ್ಪಿನಲ್ಲಿ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದೊಳಗೆ ಎಷ್ಟು ಇಂಗಾಲವನ್ನು ಕೂಡಿಹಾಕುತ್ತವೆಯೋ ಅಷ್ಟನ್ನು ಒಲೆ, ದೀಪ, ಕುಲುಮೆ, ಗಡಿಗೆ ಸುಡುವ ಆವಿಗೆ ಎಲ್ಲ ಸೇರಿ ಉರಿಸಬಹುದು. ಅದು ತೀರಿದ ದಿನ ಉರಿಯುತ್ತಿದ್ದ ಒಲೆ ಇದ್ದ ಹಾಗೇ ಆರುತ್ತದೆ. ಕಡ್ಡಿ ಗೀರಿದರೆ ಬೆರಳು ನೋಯುತ್ತದೆ, ಅಷ್ಟೇ. ಉರುವಲನ್ನು ಪರ ಊರಿನಿಂದ ತಂದರೂ, ಮೇಲೆ ಸೀಮೆಎಣ್ಣೆ ಸುರಿದರೂ ಕಟ್ಟಿಗೆ ಕಲ್ಲಿನಂತೆ ಸುಮ್ಮನೆ ಬಿದ್ದಿರುತ್ತದೆ. ಮತ್ತೆ ಮುಂಗಾರು ಬಂದು ಮರ ಚಿಗುರುವ ತನಕ ಊರಿಗೆ ಊರೇ ನೆನೆಸಿದ ಅವಲಕ್ಕಿ, ಮೊಳಕೆ ಕಾಳು, ಹಸಿ ಗಜ್ಜರಿ ತಿಂದುಕೊಂಡಿರಬೇಕು. ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಓಣಿಗೊಂದೇ ಒಲೆ. ಸುಗ್ಗಿ ಮುಗಿದ ಮೇಲೆ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿದು, ಬಿಸಿಲಲ್ಲಿ ಕಟಕಟ ಎನ್ನುವಂತೆ ಒಣಗಿಸಿ, ಬುಟ್ಟಿಗಳಲ್ಲಿ ಪೇರಿಸಿಡುತ್ತೇವೆ. ಸ್ನಾನದ ನೀರನ್ನು ಕರಿ ಕೊಡಗಳಲ್ಲಿ ತುಂಬಿ ಮಾಳಿಗೆಯ ಮೇಲೆ ಬಿಸಿಲಿಗಿಡುತ್ತೇವೆ. ಯಾವ ಜಾತಿಯವರು ಸತ್ತರೂ ಹೂಳುತ್ತೇವೆ. ಹೋಳಿಯಲ್ಲಿ ಕಾಮಣ್ಣನನ್ನು ಸುಡದೆ ಹೊಳೆಗೆ ಬಿಡುತ್ತೇವೆ. ಹೊರಗಿನವರು ನಮ್ಮೂರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಕೊಟ್ಟರೆ, ಬಂದ ಸೊಸೆ ಮೊದಲ ವರ್ಷ ಬಿಸಿ ಸಾರಿಗಾಗಿ ಅಳುತ್ತಾಳೆ, ಆಮೇಲೆ ಮರೆಯುತ್ತಾಳೆ.

ಎಷ್ಟು ಬೆಂಕಿ ಇದೆಯೆಂದು ತಿಳಿಯದೆ ಉರಿಸುತ್ತ ಹೋದರೆ ಚಳಿಯ ನಟ್ಟನಡುವೆ ಒಲೆ ಆರುತ್ತದೆ. ಹಾಗಾಗಿ ಪ್ರತಿ ವರ್ಷ ಮಳೆ ನಿಂತ ಕೂಡಲೆ ಕಾಡನ್ನೂ ಮಣ್ಣನ್ನೂ ಅಳೆಯಬೇಕು. ಒಬ್ಬರು ಅಳೆಯುತ್ತಾರೆ, ಇನ್ನೊಬ್ಬರು ಬೇರೆಯಾಗಿ ಹೋಗಿ ತಾಳೆ ನೋಡುತ್ತಾರೆ. ಹಿಂದೆ ಯಾವುದೋ ಕಾಲದಲ್ಲಿ ಇಬ್ಬರು ಗೆಳೆಯರಿಗೆ ಆ ಕೆಲಸ ಕೊಟ್ಟಿದ್ದರಂತೆ. ಒಬ್ಬ ಅಳೆದು ಬಂದು ಹೇಳಿದ್ದನ್ನು ಇನ್ನೊಬ್ಬ ಮನೆಯಲ್ಲೇ ಕೂತು ಹೌದೆಂದನಂತೆ. ಆ ಚಳಿಗಾಲ ಊರಿನ ಬಾಣಂತಿಯರು, ಹಸುಗೂಸುಗಳು ಉಳಿಯಲಿಲ್ಲ. ಅಂದಿನಿಂದ ಈ ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟವರೇ ಆಗಿರಬೇಕೆಂಬ ಕಟ್ಟಳೆ. ತೋರಿಕೆಯ ಜಗಳ ನಡೆಯುವುದಿಲ್ಲ. ಎದೆಯೊಳಗಿನಿಂದ ಬಂದದ್ದಾಗಬೇಕು, ವರ್ಷಗಟ್ಟಲೆ ಬಾಳಬೇಕು. ಅಂಥದು ಸಿಗುವುದು ಕಷ್ಟ. ಜನ ಸಾಮಾನ್ಯವಾಗಿ ಒಂದು ಹಬ್ಬ ಬಂದರೆ ರಾಜಿಯಾಗಿಬಿಡುತ್ತಾರೆ.

ನಮ್ಮದು ರಾಜಿಯಾಗದ ಜಗಳ. ನಾವು ಕುಂಬಾರರು. ಅಪ್ಪ ಹೋದ ಮೇಲೆ ತಮ್ಮ ಮಾನಪ್ಪ ತಿಗರಿ ಹಿಡಿದಿದ್ದ. ಅಡಿವೆಪ್ಪ ಕಾಕಾ ಅಪ್ಪನ ಗೆಳೆಯರು, ಆಗಲೇ ಊರಿನ ಅಳತೆಗಾರರು. ಅವರ ಲೆಕ್ಕಕ್ಕೆ ತಾಳೆ ನೋಡುತ್ತಿದ್ದವರು ತೀರಿಕೊಂಡು ಆ ಜಾಗ ಖಾಲಿ ಇತ್ತು. ಒಂದು ವರ್ಷ ಅವರ ಲೆಕ್ಕ ನಂಬಿ ಮಾನಪ್ಪ ಮಾಡಿದ ಗಡಿಗೆಗಳನ್ನೆಲ್ಲ ಪೇರಿಸಿ ಆವಿಗೆಗೆ ಬೆಂಕಿ ಕೊಟ್ಟ. ಅರ್ಧ ಬೇಯುವಷ್ಟರಲ್ಲಿ ಬೆಂಕಿ ಆರಿತು. ಮೇಲೆ ಕೆಂಪು, ಒಳಗೆ ಹಸಿ. ಮೊದಲ ಮಳೆಗೆ ಅಂಗಳದಲ್ಲಿದ್ದ ಗಡಿಗೆಗಳೆಲ್ಲ ಕುಸಿದು ಮತ್ತೆ ಮಣ್ಣಾದವು. ಪೊಳ್ಳು ಮರಗಳನ್ನು ಗಟ್ಟಿ ಮರಗಳೆಂದು ಎಣಿಸಿದ್ದಾರೆ ಎಂದು ಮಾನಪ್ಪ ಹೇಳಿದ, ಕಾಕಾ ಇಲ್ಲವೆಂದರು. ಮಾನಪ್ಪ ಊರು ಬಿಟ್ಟ. ಬೆಂಕಿ ಬೇಕಾದಾಗ ಹತ್ತುವ ಯಾವುದೋ ಊರಲ್ಲಿ ಇನ್ನೊಬ್ಬರ ಭಟ್ಟಿಯಲ್ಲಿ ದುಡಿಯುತ್ತಿದ್ದಾನೆ ಎಂಬ ಸುದ್ದಿ ಒಮ್ಮೆ ಬಂತು, ಆಮೇಲೆ ಅದೂ ಇಲ್ಲ. ನಾನು ಕಾಕಾನ ಜೊತೆ ಮಾತು ಬಿಟ್ಟೆ. ಸ್ವಲ್ಪ ದಿನಕ್ಕೆ ಊರಿನ ಹಿರಿಯರು ಮನೆಗೆ ಬಂದು, ಕಾಶವ್ವ, ಇನ್ನು ತಾಳೆ ನೋಡುವ ಕೆಲಸ ನಿನ್ನದು ಎಂದರು. ಸಿಟ್ಟಿನಲ್ಲಿದ್ದೆ, ಒಪ್ಪಿಕೊಂಡೆ. ಸಿಟ್ಟು ಎನ್ನುವುದು ದಿನಾ ಬೆಳಿಗ್ಗೆ ಎದ್ದು ಮಾಡಬೇಕಾದ ದುಡಿಮೆಯಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಕಾಡಿನಲ್ಲಿ ಅಲ್ಲಲ್ಲಿ ಕಲ್ಲು ನೆಟ್ಟು ಗುರುತು ಮಾಡಿದ ಚೌಕಗಳಿವೆ. ಚೌಕದೊಳಗಿನ ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯಬೇಕು. ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಬಡಿದು ಪೊಳ್ಳೋ ಗಟ್ಟಿಯೋ ಎಂದು ಕಿವಿಗೊಡಬೇಕು. ಬಿದ್ದ ಎಲೆಗಳನ್ನು ಗುಡಿಸಿ, ಒಣಗಿಸಿ, ತೂಗಬೇಕು. ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಬಡಿದು ಇಳಿಸಿ, ತಿರುವಿ ಎಳೆದರೆ ಒಳಗಿನ ಮಣ್ಣು ಉದ್ದಕ್ಕೆ ಬರುತ್ತದೆ. ಮೇಲೆ ಕಪ್ಪು, ಕೆಳಗೆ ಕಂದು, ಇನ್ನೂ ಕೆಳಗೆ ಹಳದಿ. ಕಪ್ಪು ಎಷ್ಟು ಆಳಕ್ಕಿದೆ ಎನ್ನುವುದರ ಮೇಲೆ ಮಣ್ಣಿನ ಲೆಕ್ಕ. ಕಾಕಾ ಅಳೆದ ಮರಕ್ಕೆ ಕೆಮ್ಮಣ್ಣಿನ ಗೆರೆ, ನಾನು ತಾಳೆ ನೋಡಿದ್ದಕ್ಕೆ ಸುಣ್ಣದ ಗೆರೆ. ಅಷ್ಟು ವರ್ಷ ಅವರ ಕೆಂಪು ಗೆರೆಗಳ ಹಿಂದೆಯೇ ನಡೆದೆ. ಮಂಡಿ ಸವೆದವು. ಕೊಳವೆ ಎಳೆದೂ ಎಳೆದೂ ಬಲಗೈ ಹೆಗಲಿನಿಂದ ಮೇಲಕ್ಕೆ ಏಳದಂತಾಯಿತು. ಕೆಲವು ಬೆಳಿಗ್ಗೆ ಎದ್ದಾಗ ಸಿಟ್ಟನ್ನು ಎಲ್ಲಿಟ್ಟೆನೆಂದು ಹುಡುಕಬೇಕಾಗುತ್ತಿತ್ತು. ಮಾನಪ್ಪನ ಮುಖ ನೆನೆದರೆ ಸಿಗುತ್ತಿತ್ತು. ಬರಬರುತ್ತ ಆ ಮುಖವೂ ಮಸುಕಾಗುತ್ತಿತ್ತು.

ಹೋದ ಮಳೆಗಾಲ ಹೊಳೆ ಉಕ್ಕಿ ಕೆಳಗಿನ ಓಣಿಯೊಳಗೆ ನುಗ್ಗಿತು. ಹಸಿ ಮಣ್ಣಿನ ಗೋಡೆಗಳು ನಿಂತಲ್ಲೇ ಕರಗಿದವು. ಅಲ್ಲಿಯ ದುರುಗವ್ವ, ಗಂಡ ದುಡಿಯಲು ಪರ ಊರಿಗೆ ಹೋಗಿದ್ದವಳು, ಅತ್ತೆಯನ್ನೂ ಎಳೆಗೂಸನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಅವಳು ಈ ಊರಿಗೆ ಸೊಸೆಯಾಗಿ ಬಂದು ಬಿಸಿ ಸಾರಿಗಾಗಿ ಅಳುತ್ತಿದ್ದಾಗ ನಮ್ಮ ಓಣಿಯ ಒಲೆಯಿಂದ ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಸಾರು ಒಯ್ದು ಕೊಟ್ಟವಳು ನಾನೇ. ನನಗೆ ಮಕ್ಕಳಿಲ್ಲ, ಅವಳಿಗೆ ತವರಿಲ್ಲ. ಮಾನಪ್ಪನ ತಿಗರಿ ಇದ್ದ ಕೊಟ್ಟಿಗೆಯನ್ನು ಗುಡಿಸಿ ಅವರಿಗೆ ಬಿಟ್ಟುಕೊಟ್ಟೆ. ಕೂಸು ಅಂಗಳದಲ್ಲಿ ಅಂಬೆಗಾಲಿಡುವುದನ್ನು ನೋಡುತ್ತ ಕೂತರೆ ಮಂಡಿನೋವು ಮರೆಯುತ್ತಿತ್ತು.

ಈ ಸಲ ಕೆಳಗಿನ ಓಣಿಗೆ ಸುಟ್ಟ ಇಟ್ಟಿಗೆಯ ಮನೆಗಳೇ ಆಗಬೇಕು, ಕಾಡು ಕೊಟ್ಟರೆ ಭಟ್ಟಿ ಹಾಕೋಣ ಎಂದು ಬಾಪುಗೌಡರು ಚಾವಡಿಯಲ್ಲಿ ಹೇಳಿದರು. ಊರಿನ ಯಜಮಾನಿಕೆ ಅವರದು. ಮಳೆ ನಿಂತ ಕೂಡಲೆ, ಲೆಕ್ಕ ಬರುವ ಮೊದಲೇ, ಕೆಳಗಿನ ಓಣಿಯವರು ಕೆಸರು ತುಳಿದು, ಅಚ್ಚು ಹೊಡೆದು, ಹಸಿ ಇಟ್ಟಿಗೆಗಳನ್ನು ಸಾಲುಸಾಲಾಗಿ ಪೇರಿಸಿದರು. ಅಡಿವೆಪ್ಪ ಕಾಕಾ ಕಾಡಿನಿಂದ ಇಳಿದು ಬಂದು ತಮ್ಮ ಲೆಕ್ಕ ಒಪ್ಪಿಸಿದಾಗ ಅದು ಭಟ್ಟಿಗೂ ಸಾಕಿತ್ತು, ಒಲೆಗಳಿಗೂ ಸಾಕಿತ್ತು. ದುರುಗವ್ವ ಆ ದಿನ ನನಗೆ ಎಣ್ಣೆ ಹಚ್ಚಿ ಬೆನ್ನು ತಿಕ್ಕಿದಳು. ತನ್ನ ಮನೆಗೆ ಕಿಟಕಿ ಯಾವ ಕಡೆ ಇಡಿಸಬೇಕು ಎಂದು ಕೇಳಿದಳು.

ಮರುದಿನ ನಾನು ಸುಣ್ಣದ ಡಬ್ಬಿ ಹಿಡಿದು ಹತ್ತಿದೆ. ಹತ್ತಿರದ ಚೌಕಗಳಲ್ಲಿ ಕೆಂಪು ಗೆರೆಗಳು ಇದ್ದವು, ಹಿಂದಿನ ವರ್ಷಗಳಿಗಿಂತ ಸ್ವಲ್ಪ ಸೊಟ್ಟಗೆ. ಮತ್ತಿ, ಹೊನ್ನೆ, ದಿಂಡಿಲ ಮರಗಳು ಆ ಮಳೆಗೆ ಚೆನ್ನಾಗಿಯೇ ದಪ್ಪವಾಗಿದ್ದವು. ಇಳಿಜಾರು ದಾಟಿ ಹಿಂಗುಡ್ಡದ ಕಡೆ ತಿರುಗಿದಾಗ ದಾರಿ ತಪ್ಪಿದೆನೇನೋ ಎನಿಸಿತು, ಯಾಕೆಂದರೆ ಎದುರಿಗೆ ಆಕಾಶ ಬಹಳ ಕಾಣುತ್ತಿತ್ತು. ಹಿಂಗುಡ್ಡದ ಮೈ ಪೂರ್ತಿ ಜರಿದು ಹೋಗಿತ್ತು. ನಾಲ್ಕು ಜನ ಕೈ ಕೂಡಿಸಿ ತಬ್ಬಬೇಕಿದ್ದ ಮರಗಳು, ಅವುಗಳ ಕೆಳಗಿನ ತಲೆಮಾರುಗಳ ಕಪ್ಪು ಮಣ್ಣು, ಚೌಕದ ಕಲ್ಲುಗಳು ಯಾವುದೂ ಇರಲಿಲ್ಲ. ಸಿಪ್ಪೆ ಸುಲಿದ ಹಾಗೆ ಹಳದಿ ನೆಲ ಬಿಸಿಲಿಗೆ ಒಣಗುತ್ತಿತ್ತು. ನಮ್ಮ ಬೆಂಕಿಯ ಹೆಚ್ಚು ಪಾಲು ಬರುತ್ತಿದ್ದದ್ದು ಹಿಂಗುಡ್ಡದಿಂದಲೇ. ಕಾಕಾನ ಲೆಕ್ಕದಲ್ಲಿ ಅದೆಲ್ಲವೂ ಇತ್ತು, ಜೊತೆಗೆ ಈ ವರ್ಷದ ಬೆಳವಣಿಗೆಯೂ ಸೇರಿತ್ತು. ಅವರು ಇಲ್ಲಿಯ ತನಕ ಬಂದೇ ಇರಲಿಲ್ಲ.

ನಾನು ಚಾವಡಿಯಲ್ಲಿ ನನ್ನ ಲೆಕ್ಕ ಹೇಳಿದೆ. ಒಲೆಗಳಿಗೆ ಹೋಳಿಯ ತನಕ ಸಾಲಬಹುದು, ಭಟ್ಟಿಗೆ ಇಲ್ಲ. ಎರಡೂ ಲೆಕ್ಕ ಕೂಡದಿದ್ದಾಗ ಯಾಕೆ ಎಂದು ಅಲ್ಲಿ ಹೇಳುವ ಹಾಗಿಲ್ಲ. ಇಬ್ಬರೂ ಮತ್ತೆ ಒಟ್ಟಿಗೆ ಹೋಗಿ, ನೋಡಿ ಬರಬೇಕು. ಮಾತು ಸಾಗಿಸಲು ನಡುವೆ ಒಬ್ಬರು. ಆ ಕೆಲಸ ಬಳೆಗಾರ್ತಿ ಹುಸೇನಬಿಯದು. ಬೆಳಿಗ್ಗೆ ಹೊರಡಿ ಎಂದು ಬಾಪುಗೌಡರು ಹೇಳಿದರು.

ಸಂಜೆ ಹೊಸ್ತಿಲಲ್ಲಿ ಕೂತು ಕಾಳು ಆರಿಸುತ್ತಿದ್ದೆ. ದುರುಗವ್ವ ಬಂದು ಎದುರಿಗೆ ಕೂತಳು. ಸ್ವಲ್ಪ ಹೊತ್ತು ಅವಳೂ ಕಾಳು ಆರಿಸಿದಳು.

"ಅಕ್ಕಾ, ಬರೇ ಭಟ್ಟಿ ಒಂದಕ್ಕಾದ್ರ ಸಾಕಾಗತೈತೇನು?" ಎಂದಳು.

ಮುಂದಿನ ಮಳೆಯವರೆಗೆ ಊರಲ್ಲಿ ಒಂದು ಒಲೆಯೂ ಉರಿಯದಿದ್ದರೆ ಆದೀತೇನೋ ಎಂದೆ.

"ಹಂಗಾದ್ರ ಹಂಗ ಹೇಳು. ಒಂದು ಚಳಿಗಾಲ ಎಲ್ಲಾರೂ ತಣ್ಣಂದು ತಿನ್ಲಿ. ನಮಗ ಗ್ವಾಡಿ ಬೇಕು."

"ಎಷ್ಟೈತಿ ಅಂತ ಹೇಳೂದಷ್ಟ ನಂದು, ದುರುಗವ್ವ. ಯಾರಿಗೆ ಅನ್ನೂದು ಚಾವಡಿಯವರದು."

"ಚಾವಡ್ಯಾಗ ಕೆಳಗಿನ ಓಣ್ಯಾವರು ಯಾರದಾರ?"

ನಾನು ಕಾಳಿನಿಂದ ಒಂದು ಕಲ್ಲು ಆರಿಸಿ ಎಸೆದೆ. ಮೇಲಿನ ಓಣಿಯಲ್ಲಿ ಆ ಚಳಿಗಾಲ ಹೆರಬೇಕಾದ ಹೆಂಗಸರಿದ್ದರು, ಕೆಮ್ಮುವ ಮುದುಕರಿದ್ದರು. ಅದನ್ನು ಹೇಳಿದೆ. ಕೆಳಗಿನ ಓಣಿಯಲ್ಲೂ ಇದ್ದಾರೆ, ಅವರಿಗೆ ಗೋಡೆಯೂ ಇಲ್ಲ ಎಂದು ಅವಳು ಹೇಳಿದಳು. ಅದೂ ನಿಜ. ಭಟ್ಟಿ ಅರ್ಧಕ್ಕೆ ಆರಿದರೆ ಇಟ್ಟಿಗೆಯೂ ಹೋಯಿತು, ಬೆಂಕಿಯೂ ಹೋಯಿತು ಎಂದು ಮಾನಪ್ಪನ ಗಡಿಗೆಗಳ ಕಥೆ ತೆಗೆದೆ. ಅವಳು ಅದನ್ನು ಮೊದಲೂ ಕೇಳಿದ್ದಳು. ಮೊರದಲ್ಲಿ ಆರಿಸಿದ ಕಾಳನ್ನು ನನ್ನ ಕಡೆ ಸರಿಸಿ ಎದ್ದು ಹೋದಳು.

ಬೆಳಿಗ್ಗೆ ಮೂವರೂ ಹೊರಟೆವು. ಮುಂದೆ ಕಾಕಾ, ಹಿಂದೆ ನಾನು, ನಡುವೆ ಹುಸೇನಬಿ. ಕೈಗೆ ಸಿಗುವ ದೂರದಲ್ಲಿ ನಾವು ನಡೆಯುತ್ತಿದ್ದರೂ, ನಿಲ್ಲೋಣ ಎಂದು ನಾನು ಅಂದರೆ ಅವಳು ಕಾಕಾನ ಕಡೆ ತಿರುಗಿ, ಕಾಶವ್ವ ನಿಲ್ಲೂಣು ಅಂತಾಳ ಎನ್ನಬೇಕು, ಅವರು ಆಗ ನಿಲ್ಲಬೇಕು. ಮೊದಲ ಚೌಕದಲ್ಲಿ ಅವರು ಟೇಪು ಸುತ್ತುವುದನ್ನು ಅಷ್ಟು ಹತ್ತಿರದಿಂದ ಎಷ್ಟೋ ಕಾಲದ ಮೇಲೆ ನೋಡಿದೆ. ಟೇಪಿನ ಮೇಲೆ ಅಲ್ಲಲ್ಲಿ ದಾರದ ಗಂಟುಗಳಿದ್ದವು. ಅವರು ಅಂಕಿ ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ಗಂಟು ಸವರಿ ಲೆಕ್ಕ ಹೇಳುತ್ತಿದ್ದರು. 'ಈ ಮತ್ತಿ ಮರ' ಎಂದು ಅವರು ತೋರಿಸಿದ್ದು ಹೊನ್ನೆಯನ್ನು. ಹುಸೇನಬಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಇಳಿಜಾರಿನ ಬುಡಕ್ಕೆ ಬಂದಾಗ ಕಾಕಾ ಒಂದು ಬಂಡೆಯ ಮೇಲೆ ಕೂತರು. ಕಾಲು ಬಾತು ಚಪ್ಪಲಿಯ ಬಾರು ಚರ್ಮದೊಳಗೆ ಹೂತು ಹೋಗಿತ್ತು.

"ಹುಸೇನಬಿ, ಅಕಿಗೆ ಹೇಳು," ಎಂದರು. "ಮುಂದಿಂದು ನಾ ನೋಡೀನಿ. ಹಿಂಗುಡ್ಡದಾಗ ಗಿಡಾ ಭಾಳ ಚಲೋ ಅದಾವು. ಇಲ್ಲಿಂದನ ತಿರುಗೂಣು."

ಹುಸೇನಬಿ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ. ಅಷ್ಟು ಸಣ್ಣ ಮಾತನ್ನು ಸುತ್ತುಹಾಕಿ ಕಳಿಸುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

"ಕಾಕಾ, ಆ ಗುಡ್ಡ ಇಲ್ಲ."

ಹುಸೇನಬಿ ರೂಢಿಯಂತೆ, "ಕಾಶವ್ವ ಅಂತಾಳ, ಆ ಗುಡ್ಡ..." ಎಂದವಳು ಅಲ್ಲೇ ನಿಂತಳು. ಕಾಕಾ ತಲೆಯೆತ್ತಿ ಧ್ವನಿ ಬಂದ ಕಡೆ ಮುಖ ಮಾಡಿದರು.

"ಇಲ್ಲಂದ್ರ?"

"ಜರದು ಹೋಗೇತ್ರಿ. ಗಿಡಾ, ಮಣ್ಣು, ಎಲ್ಲಾ ಹೊಳಿ ಪಾಲಾತು."

ಅವರು ಬಂಡೆಯಿಂದ ಎದ್ದರು. ಆಮೇಲೆ ಕೈ ಮುಂದೆ ಚಾಚಿದರು. ನಾನು ಹಿಡಿದುಕೊಂಡೆ. ಒಂದು ಕಡೆ ನಾನು, ಇನ್ನೊಂದು ಕಡೆ ಹುಸೇನಬಿ, ಮೆಲ್ಲಗೆ ಹತ್ತಿಸಿದೆವು. ಮೇಲೆ ಬಂದ ಮೇಲೆ ಅವರು ಬಯಲಿನ ಬೆಳಕಿಗೆ ಕಣ್ಣು ಕಿರಿದು ಮಾಡಿ, ಕೂತು, ನೆಲ ಸವರಿದರು. ಒಂದು ಹಿಡಿ ಎತ್ತಿ ಮೂಸಿದರು. ಅದು ಯಾವ ವಾಸನೆಯೂ ಇಲ್ಲದ ಮಣ್ಣು. ಹೋದ ವರ್ಷದಿಂದಲೇ ಕಣ್ಣು ಸರಿಯಿಲ್ಲ, ಇಳಿಜಾರಿನ ಬುಡದಿಂದಲೇ ಹಿಂತಿರುಗಿದ್ದೆ, ಮರಗಳು ಎಲ್ಲಿಗೆ ಹೋಗುತ್ತವೆ ಎಂದುಕೊಂಡೆ ಎಂದು ಅವರೇ ಹೇಳಿದರು. ಕಣ್ಣು ಹೋಯಿತೆಂದು ಹೇಳಿದರೆ ಬೇರೆ ಅಳತೆಗಾರ ಬೇಕು, ಕಾಶವ್ವನ ಜೊತೆ ಮಾತು ಬಿಟ್ಟ ಇನ್ನೊಬ್ಬರನ್ನು ಊರು ಎಲ್ಲಿಂದ ತರಬೇಕು ಎಂಬ ಯೋಚನೆಯಾಯಿತಂತೆ.

ಮಣ್ಣನ್ನು ಕೆಳಗೆ ಬಿಟ್ಟು ಕೈ ಒರೆಸಿಕೊಂಡು ಕೇಳಿದರು: "ಕಾಶವ್ವ, ನಾವು ಯಾಕ ಮಾತು ಬಿಟ್ಟಿದ್ವು?"

ಮೊದಲು ನನಗೆ ಅರ್ಥವಾಗಲಿಲ್ಲ. ಅವರು ನಿಜವಾಗಿ ಕೇಳುತ್ತಿದ್ದರು.

"ಮಾನಪ್ಪನ ಆವಿಗಿ ಆರಿತ್ತಲ್ರಿ," ಎಂದೆ.

"ಹೌದೇನು?" ಅವರು ನೆನಪಿಸಿಕೊಳ್ಳಲು ನೋಡಿದರು. "ನಾ ಎಮ್ಮಿ ಸಲುವಾಗಿ ಅಂತ ತಿಳಕೊಂಡಿದ್ದೆ. ನಿಮ್ಮ ಎಮ್ಮಿ ನಮ್ಮ ಹೊಲಾ ಮೇದಿತ್ತಲ್ಲ."

ಎಮ್ಮೆಯೂ ಮೇದಿರಬೇಕು, ನನಗೆ ಅದು ನೆನಪಿಲ್ಲ. ನಾನೂ ಅವರ ಪಕ್ಕದಲ್ಲಿ ಆ ಹಳದಿ ನೆಲದ ಮೇಲೆ ಕೂತೆ. ನಾನು ಒಬ್ಬಳೇ ಅಷ್ಟು ವರ್ಷ ಹೊತ್ತದ್ದನ್ನು ಇಬ್ಬರೂ ಹೊತ್ತಿದ್ದೇವೆ ಎಂದುಕೊಂಡಿದ್ದೆ. ಕೋಪ ಬರಬೇಕಿತ್ತು, ಬರಲಿಲ್ಲ. ಮಾನಪ್ಪ ಈಗ ಎಲ್ಲಿದ್ದಾನೆ ಎಂದು ಅವರು ಕೇಳಿದರು, ಗೊತ್ತಿಲ್ಲ ಎಂದೆ. ಆ ವರ್ಷ ನಿಮ್ಮ ಲೆಕ್ಕ ತಪ್ಪಿತ್ತೇ ಎಂದು ನಾನು ಕೇಳಿದೆ. ಅವರು ತಲೆ ತಗ್ಗಿಸಿ, ತಪ್ಪಿದ್ದರೂ ಇರಬಹುದು, ಈಗ ಹೇಗೆ ಹೇಳಲಿ ಎಂದರು. ಆ ಒಂದು ಉತ್ತರಕ್ಕಾಗಿ ಅರ್ಧ ಆಯುಷ್ಯ ಕಾದಿದ್ದೆ. ಬಂದದ್ದು ಇಷ್ಟೇ.

ಇಳಿಯುವಾಗ ಹುಸೇನಬಿ ತನ್ನಷ್ಟಕ್ಕೆ ಹೇಳುವವಳಂತೆ, ನನ್ನ ಕಿವಿಗೆ ಇವತ್ತು ಏನೂ ಬಿದ್ದಿಲ್ಲ ಎಂದಳು. ಕಾಕಾ ತಾವಾಗಿ ಲೆಕ್ಕ ತಿದ್ದಿಕೊಂಡರೆ ಆಯಿತು, ನಾವು ಮಾತಾಡಿದ್ದು ಯಾರಿಗೆ ಗೊತ್ತಾಗಬೇಕು. ಹಾಗೇ ಮಾಡೋಣ ಎಂದುಕೊಂಡೆವು. ಚಾವಡಿಯಲ್ಲಿ ಊರೆಲ್ಲ ಸೇರಿತ್ತು. ಕೆಳಗಿನ ಓಣಿಯವರು ಅಂಗಳದಲ್ಲಿ ನಿಂತಿದ್ದರು, ದುರುಗವ್ವ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಕಂಬಕ್ಕೆ ಒರಗಿದ್ದಳು. ಕಾಕಾ ಎದ್ದು ನಿಂತು, ಹಿಂಗುಡ್ಡ ಜರಿದಿದೆ, ನಾನು ಹೋಗದೆ ಲೆಕ್ಕ ಕೊಟ್ಟಿದ್ದೆ ಎಂದು ನೇರವಾಗಿ ಹೇಳಿದರು. ಎಷ್ಟು ಅಗಲಕ್ಕೆ ಜರಿದಿದೆ ಎಂದು ಗೌಡರು ಕೇಳಿದಾಗ, ಕಾಕಾ ಅಭ್ಯಾಸವೇ ಇದ್ದವರಂತೆ ನನ್ನ ಕಡೆ ತಿರುಗಿ, "ಕಾಶವ್ವ, ನೀನ ಹೇಳವಾ, ನನಗ ಕಾಣಲಿಲ್ಲ," ಎಂದರು. ಒಂದು ಸಲ ಬಾಯಿ ತೆರೆದ ಮೇಲೆ ಅವರಿಗೆ ಮುಚ್ಚಲು ಆಗಲಿಲ್ಲ. ಬಾಪುಗೌಡರು ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡರು.

ಕಟ್ಟಳೆಯ ಪ್ರಕಾರ ಆ ವರ್ಷದ ಎರಡೂ ಲೆಕ್ಕ ರದ್ದು. ಆದರೆ ಜರಿದ ಗುಡ್ಡವನ್ನು ಎಲ್ಲರೂ ಹೋಗಿ ನೋಡಿ ಬಂದರು, ನೋಡಿದ ಮೇಲೆ ಲೆಕ್ಕ ಕೇಳುವವರಿರಲಿಲ್ಲ. ನನ್ನ ಅಂಕಿಗಿಂತಲೂ ಕಡಿಮೆ ಉರಿಸುವುದೆಂದು ಗೌಡರು ನಿಶ್ಚಯಿಸಿದರು. ಭಟ್ಟಿಯ ಮಾತು ಬಿತ್ತು. ಒಲೆಗಳನ್ನು ಬಿಟ್ಟು ಭಟ್ಟಿ ಹಚ್ಚೋಣವೇ ಎಂದು ಯಾರಾದರೂ ಕೇಳುತ್ತಾರೇನೋ ಎಂದು ನಾನು ಕಾದೆ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕಂಬದ ಹತ್ತಿರ ದುರುಗವ್ವ ನನ್ನನ್ನೇ ನೋಡುತ್ತ ನಿಂತಿದ್ದಳು, ಆಮೇಲೆ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ ಹೊರಟುಹೋದಳು.

ಕೆಳಗಿನ ಓಣಿಯವರು ಆ ಹಸಿ ಇಟ್ಟಿಗೆಗಳಿಂದಲೇ ಗೋಡೆ ಎಬ್ಬಿಸಿದರು. ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು, ಮೇಲೆ ಮಾಡು ಇನ್ನೂ ಇರಲಿಲ್ಲ, ಅಷ್ಟರಲ್ಲೇ ದುರುಗವ್ವ ಕೊಟ್ಟಿಗೆ ಖಾಲಿ ಮಾಡಿದಳು. ಚಳಿ ಕಳೆಯಲಿ, ಕೂಸಿಗೆ ಒಳ್ಳೆಯದಲ್ಲ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಯಾವತ್ತೂ ನನ್ನನ್ನು ನೀನು ಎನ್ನುತ್ತಿದ್ದವಳು ಆ ದಿನ ಬಹುವಚನ ಹಾಕಿದಳು.

"ನಿಮ್ಮ ತಮ್ಮನ ಆವಿಗಿ ಅರ್ಧಕ್ಕ ಆರಿದ್ದಕ್ಕ ನೀವು ಒಂದು ಜನ್ಮ ಮಾತು ಬಿಟ್ರಿ," ಎಂದಳು. "ನಮ್ಮದು ಹೊತ್ತಲೇ ಇಲ್ಲ. ನಾ ಎಷ್ಟು ದಿನ ಬಿಡ್ಲಿ?"

ಅವಳು ಕೂಗಲಿಲ್ಲ. ಹಾಸಿಗೆ ಸುರುಳಿಯನ್ನು ತಲೆಯ ಮೇಲಿಟ್ಟುಕೊಂಡು, ಅತ್ತೆಯ ಕೈ ಹಿಡಿದು ನಡೆದಳು. ಮೊದಮೊದಲು ನಾನು ನಂಬಲಿಲ್ಲ. ಕಟಕ ರೊಟ್ಟಿ, ಚಟ್ನಿಪುಡಿ ಕಳಿಸಿದೆ, ಬುಟ್ಟಿ ಹಾಗೇ ವಾಪಸು ಬಂತು. ಹೊಳೆಯ ಹತ್ತಿರ ಸಿಕ್ಕಾಗ ಹೆಸರು ಹಿಡಿದು ಕರೆದೆ, ಅವಳು ಬಟ್ಟೆ ಹಿಂಡುವುದನ್ನು ಮುಗಿಸಿ ಎದ್ದು ಹೋದಳು. ಬೇಸಿಗೆಯ ಅಡ್ಡಮಳೆಗೆ ಅವಳ ಮನೆಯ ಹಿಂದಿನ ಗೋಡೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ನೆಲದೊಳಗೆ ಜೋಳ ತುಂಬಿಟ್ಟ ಹಗೇವು ಮಾತ್ರ ನೀರುಪಾಲಾಯಿತು. ಓಡಿ ಹೋದೆ. ಅವಳು ಕೆಸರಿನಲ್ಲಿ ಕೂತು ಕಾಳು ಬಾಚುತ್ತಿದ್ದಳು. ನಾನೂ ಕೂತು ಬಾಚಿದೆ. ನಾನು ಬಾಚಿ ಹಾಕಿದ ಗುಂಪನ್ನು ಮುಟ್ಟದೆ ತನ್ನದನ್ನಷ್ಟೇ ಮೊರಕ್ಕೆ ತುಂಬಿಕೊಂಡು ಒಳಗೆ ಹೋದಳು.

ಅಡಿವೆಪ್ಪ ಕಾಕಾ ಈಗ ದಿನಾ ಮಧ್ಯಾಹ್ನ ಕೋಲೂರಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಾರೆ. ಮಾತು ಬಿಟ್ಟಿದ್ದ ಕಾಲದಲ್ಲಿ ಅವರಿಗೆ ಹೇಳಬೇಕಾದ್ದು ಎದೆಯ ತುಂಬ ಇತ್ತು. ಈಗ ಅವರು ಎಮ್ಮೆಯ ವಿಷಯ ಹೇಳುತ್ತಾರೆ, ನಾನು ಹೂಂಗುಟ್ಟುತ್ತೇನೆ. ಕೆಲವೊಮ್ಮೆ ಇಬ್ಬರೂ ಕೂತಲ್ಲೇ ತೂಕಡಿಸುತ್ತೇವೆ.

ಹೊಸ ಜೋಡಿಗಾಗಿ ಬಾಪುಗೌಡರು ಊರೆಲ್ಲ ಹುಡುಕಿದರು. ಬದುವಿನ ಜಗಳ, ಬಚ್ಚಲ ನೀರಿನ ಜಗಳ, ನಾದಿನಿಯ ಸೀರೆಯ ಜಗಳ ಎಲ್ಲ ಬಂದವು. ಬೆಂಕಿಯ ಲೆಕ್ಕಕ್ಕೆ ಎಂದ ಕೂಡಲೆ ಹೆದರಿ ರಾಜಿಯಾಗಿಬಿಟ್ಟರು. ಮಳೆಗಾಲ ಕಳೆಯುತ್ತ ಬಂದಾಗ ಒಂದು ಸಂಜೆ ಗೌಡರು ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಬಹಳ ಹೊತ್ತು ಪೈರಿನ ವಿಷಯ ಮಾತಾಡಿದರು.

"ಕಾಶವ್ವ, ದುರುಗವ್ವ ನಿನ್ನ ಜೋಡಿ ಈಗರ ಮಾತಾಡ್ತಾಳೇನು?"

"ಇಲ್ರಿ."

"ಒಂದು ಮಾತೂ?"

"ಒಂದೂ ಇಲ್ರಿ."

ಅವರು ನಿಡಿದಾಗಿ ಉಸಿರು ಬಿಟ್ಟು, "ಚಲೋ ಆತು," ಎಂದರು. ಎಂದ ಮೇಲೆ ಅವರಿಗೇ ನಾಚಿಕೆಯಾಗಿ ಚೊಂಬನ್ನು ಎತ್ತಿ, ಖಾಲಿಯಿದ್ದರೂ ಮತ್ತೊಮ್ಮೆ ಬಾಯಿಗೆ ಹಿಡಿದರು.

ದುರುಗವ್ವ ಒಪ್ಪಿಕೊಂಡಳು. ಒಂದೇ ಒಂದು ಷರತ್ತು ಹಾಕಿದಳಂತೆ: ಇನ್ನು ಮುಂದೆ ಬೆಂಕಿ ಹಂಚುವ ದಿನ ಚಾವಡಿಯಲ್ಲಿ ಕೆಳಗಿನ ಓಣಿಯವರಿಗೂ ಕೂರಲು ಜಾಗ ಬೇಕು. ಗೌಡರು ಹೂಂ ಅಂದರು, ಅವರಿಗೆ ಬೇರೆ ದಾರಿ ಇರಲಿಲ್ಲ. ಕಾಕಾ ತಮ್ಮ ಟೇಪಿನ ಗಂಟುಗಳನ್ನೆಲ್ಲ ಬಿಚ್ಚಿ ಅವಳಿಗೆ ಕೊಟ್ಟರು. ಕೆಮ್ಮಣ್ಣು ಕಲಸುವುದು, ಕೊಳವೆ ತಿರುವುವುದು ಕಲಿಸಿದರು.

ಮಳೆ ನಿಂತಿತು. ಅವಳು ಅಳೆದು ಹೋದ ಮರುದಿನ ನಾನು ಹತ್ತಿದೆ. ಅವಳ ಗೆರೆಗಳು ದಪ್ಪ, ನೇರ, ಒಂದು ಮರವನ್ನೂ ಬಿಟ್ಟಿರಲಿಲ್ಲ. ಮಣ್ಣು ತೆಗೆದ ತೂತುಗಳನ್ನು ಎಲೆ ಹಾಕಿ ಮುಚ್ಚಿದ್ದಳು, ಕಾಕಾ ಯಾವತ್ತೂ ಹಾಗೆ ಮಾಡಿದವರಲ್ಲ. ಜರಿದ ಹಿಂಗುಡ್ಡದ ಹಳದಿ ನೆಲದಲ್ಲಿ ಅಲ್ಲಲ್ಲಿ ಬೆರಳುದ್ದದ ಸಸಿಗಳು ಎದ್ದಿದ್ದವು. ಅವುಗಳಿಗೆ ಎದೆಮಟ್ಟವಿಲ್ಲ, ಸುತ್ತಳತೆಯಿಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಆದರೂ ಅವಳು ಪ್ರತಿಯೊಂದರ ಪಕ್ಕದಲ್ಲೂ ಒಂದು ಕಲ್ಲಿಗೆ ಕೆಮ್ಮಣ್ಣು ಹಚ್ಚಿ ಇಟ್ಟಿದ್ದಳು. ನಾನು ಕೂತು ಒಂದೊಂದು ಕಲ್ಲಿಗೂ ಸುಣ್ಣ ಹಚ್ಚಿದೆ. ಏಳುವಾಗ ಮಂಡಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿರಬೇಕಾಯಿತು.

ಅಷ್ಟರಲ್ಲಿ ಕೆಳಗಿನಿಂದ ಹುಸೇನಬಿ ಏದುಸಿರು ಬಿಡುತ್ತ ಬಂದಳು. ಬಳೆ ಮಾರುವುದನ್ನು ಬಿಟ್ಟು ಈ ವಯಸ್ಸಿನಲ್ಲಿ ಗುಡ್ಡ ಹತ್ತಬೇಕಾಯಿತು ಎಂದು ಗೊಣಗಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು, ತನ್ನ ಕೆಲಸದ ಧ್ವನಿಯಲ್ಲಿ ಹೇಳಿದಳು: "ದುರುಗವ್ವ ಅಂತಾಳ, ಈ ಕಡೆ ಇಳಿಜಾರಿನಾಗ ಮಣ್ಣು ಸಡ್ಲ ಐತಿ. ಕಾಶವ್ವ ಮ್ಯಾಲಿನ ಹಾದಿ ಹಿಡದು ಸಾವಕಾಶ ಇಳೀಲಿ."

ನಾನು ಆ ಕಡೆ ಬಗ್ಗಿ ನೋಡಿದೆ. ಕೆಳಗೆ ಮರಗಳ ನಡುವೆ ಅವಳ ಸೀರೆಯ ಹಸಿರು ಕಂಡಂತಾಯಿತು, ಎಲೆಯೂ ಇರಬಹುದು. ಊರಿನಲ್ಲಿ ರೊಟ್ಟಿಗೆ ಹಿಟ್ಟು ಬೀಸುವ ದಿನಗಳು ಹತ್ತಿರ ಬಂದಿದ್ದವು.

"ಏನಂತ ಹೇಳ್ಲಿ?" ಎಂದು ಹುಸೇನಬಿ ಕೇಳಿದಳು. ಈ ಜಗಳವೂ ಎಲ್ಲಿ ಮುಗಿದುಬಿಡುತ್ತದೋ ಎಂಬ ಸಣ್ಣ ಹೆದರಿಕೆ ಅವಳ ಮುಖದಲ್ಲಿತ್ತು.

"ನನಗೂ ಸಿಟ್ಟೈತಿ ಅಂತ ಹೇಳು," ಎಂದೆ.

ಅವಳು ತಲೆಯಾಡಿಸಿ ಇಳಿಯತೊಡಗಿದಳು. ಅವಳು ಮರೆಯಾಗುವ ತನಕ ನಿಂತಿದ್ದು, ಆಮೇಲೆ ಕೊಳವೆಯನ್ನೂ ಸುಣ್ಣದ ಡಬ್ಬಿಯನ್ನೂ ಎತ್ತಿಕೊಂಡು ಮೇಲಿನ ಹಾದಿ ಹಿಡಿದೆ.